ಗ್ಲೇವ್ ಹಿಡಿದವನ ಮುಂದೆ ಎಷ್ಟು ಮನೆ ನಡೆಯಬಹುದು?

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ಪಾತ್ರ ವಹಿಸಿ ಆಡುವ ದಾಳದಾಟದ ಐದನೇ ಆವೃತ್ತಿ ಆಡುವಾಗ ಈ ಜಗಳ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಶತ್ರು ಒಂದು ಹೆಜ್ಜೆ ಅಲುಗಿದರೆ ಸಾಕು, ಗ್ಲೇವ್ (ಉದ್ದ ಕೋಲಿನ ತುದಿಗೆ ಅಲಗು ಇರುವ ಆಯುಧ) ಹಿಡಿದವನು "ಹೊಡೀತೀನಿ!" ಎಂದು ದಾಳ ಉರುಳಿಸಿಬಿಡುತ್ತಾನೆ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) "ಆಗಲ್ಲ" ಅನ್ನುತ್ತಾರೆ. ಅಲ್ಲಿಗೆ ಆಟ ನಿಂತಿತು.

ಮೊದಲು ಹಾಳೆ ಹಾಸಿ. ಒಂದಿಂಚಿನ ಮನೆಗಳಿರಲಿ, ಒಂದು ಮನೆ ಅಂದರೆ ಆಟದೊಳಗಿನ 5 ಅಡಿ. ಕಾಯಿಗೆ ಹುಣಸೆ ಬೀಜ ಸಾಕು. ಒರೆಸಿ ಬಳಸುವ ಅಗ್ಗದ ಮ್ಯಾಟ್ ಮಾತ್ರ ಬೇಡ. ನನ್ನದರಲ್ಲಿ ಹಳೇ ಗುಹೆಯ ಕೆಂಪು ಗೋಡೆ ಇನ್ನೂ ಅಳಿಸಿಲ್ಲ.

ಆಮೇಲೆ ಆಯುಧದ ಪಟ್ಟಿಯಲ್ಲಿ 'ರೀಚ್' ಎಂದು ಬರೆದಿದೆಯಾ ನೋಡಿ. ಗ್ಲೇವ್, ಹಾಲ್ಬರ್ಡ್, ಪೈಕ್, ಲ್ಯಾನ್ಸ್, ಚಾಟಿಗೆ ಇದೆ. ಈಟಿಯೂ ಉದ್ದ ಅಲ್ವಾ ಅಂತ ವಾದ ಮಾಡಬೇಡಿ, ಅದಕ್ಕಿಲ್ಲ. ರೀಚ್ ಇದ್ದರೆ ಹೊಡೆತ 5 ಅಡಿಯ ಬದಲು 10 ಅಡಿ ಮುಟ್ಟುತ್ತದೆ.

ಎಡವಟ್ಟಾಗುವುದು ಇನ್ನು ಮುಂದೆ. ಪಾರದರ್ಶಕ ಫೈಲ್ ಕವರಿನಿಂದ ಉದ್ದ, ಅಗಲ ಎರಡೂ ಐದಿಂಚಿನ ಚೌಕ ಕತ್ತರಿಸಿ, ನಿಮ್ಮ ಕಾಯಿ ನಟ್ಟನಡುವೆ ಬರುವಂತೆ ಇಡಿ. ಸುತ್ತಲೂ ಎರಡೆರಡು ಮನೆ. ಇದೇ ನಿಮ್ಮ ಬೇಲಿ. ಶತ್ರು ಈ ಬೇಲಿ ದಾಟಿ ಹೊರಗೆ ಹೋಗುವಾಗ ಮಾತ್ರ ಆಪರ್ಚುನಿಟಿ ಅಟ್ಯಾಕ್, ಅಂದರೆ ಅವನ ಸರದಿಯಲ್ಲೇ ನಿಮಗೆ ಸಿಗುವ ಒಂದು ಏಟು. ಒಳಗೆ ಬರುವಾಗ ಇಲ್ಲ. ಒಳಗೇ ನಿಮ್ಮ ಸುತ್ತ ಪ್ರದಕ್ಷಿಣೆ ಹಾಕಿದರೂ ಇಲ್ಲ.

ಕ್ರಾಸ್‌ಬೋ ಹಿಡಿದ ಡಕಾಯಿತ ನಿಮ್ಮ ಪಕ್ಕದ ಮನೆಯಲ್ಲಿದ್ದಾನೆ ಅನ್ನಿ. ಅಲ್ಲಿಂದಲೇ ಬಾಣ ಬಿಟ್ಟರೆ ಅವನಿಗೆ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಲೆಕ್ಕಕ್ಕೆ ತಗೋಬೇಕು). ಅದಕ್ಕೇ ಒಂದು ಮನೆ ಹಿಂದೆ ಸರಿಯುತ್ತಾನೆ. ನಿಮ್ಮ ಕೈಯಲ್ಲಿ ಕತ್ತಿ ಇದ್ದಿದ್ದರೆ ಆಗಲೇ ಒಂದು ಬಿಡಬಹುದಿತ್ತು. ಗ್ಲೇವ್ ಇದ್ದರೆ ಸುಮ್ನೆ ನೋಡಬೇಕು, ಅವನಿನ್ನೂ ಬೇಲಿಯೊಳಗೇ ಇದ್ದಾನೆ. ಡಿಸ್‌ಅಡ್ವಾಂಟೇಜ್ ಕಳೆಯಿತು, ಆರಾಮಾಗಿ ಬಾಣ ಬಿಡುತ್ತಾನೆ. ಇನ್ನೂ ಒಂದು ಮನೆ ಹಿಂದೆ ಹೋದನೋ, ಆಗ ಹೊಡೆಯಿರಿ. ಹೊಡೆತ ಬೀಳುವುದು ಅವನು ದಾಟುವ ಮುಂಚೆ. ಸತ್ತರೆ ಹೆಣ ಬೇಲಿಯ ಒಳಗೇ ಬೀಳಬೇಕು.

ಇದಕ್ಕೆ ನಿಮ್ಮ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ದಿಢೀರ್ ಕ್ರಿಯೆ) ಖರ್ಚಾಗುತ್ತದೆ, ನಿಮ್ಮ ಮುಂದಿನ ಸರದಿಯವರೆಗೆ ಇನ್ನೊಂದಿಲ್ಲ. ಏಟು ತಿನ್ನದೆ ಜೋಪಾನವಾಗಿ ಸರಿಯುವ ಡಿಸ್‌ಎಂಗೇಜ್ ಕ್ರಿಯೆ ಮಾಡಿದವನಿಗೆ, ಟೆಲಿಪೋರ್ಟ್ ಆದವನಿಗೆ, ಯಾರೋ ದಬ್ಬಿ ಹೊರಗೆ ಹೋದವನಿಗೆ ಹೊಡೆಯುವಂತಿಲ್ಲ.

2003ರ 3.5 ಆವೃತ್ತಿ ಆಡಿ ಬಂದವರೇ ಜಾಸ್ತಿ ತಪ್ಪುತ್ತಾರೆ. ಅಲ್ಲಿ ನಿಮ್ಮ ಹೊಡೆತಕ್ಕೆ ಸಿಗುವ ಯಾವ ಮನೆ ಬಿಟ್ಟು ನಡೆದರೂ ಸಾಮಾನ್ಯವಾಗಿ ಏಟು ತಿನ್ನಬೇಕಿತ್ತು, ಗ್ಲೇವ್‌ಗೆ ಪಕ್ಕದ ಮನೆಯವನು ಸಿಗುತ್ತಲೇ ಇರಲಿಲ್ಲ. ಐದನೆಯದರಲ್ಲಿ ಸಿಗುತ್ತಾನೆ.

ಬೇಲಿಯೊಳಗೆ ಕಾಲಿಟ್ಟವನಿಗೇ ಹೊಡೆಯಬೇಕಾ? ಪೋಲ್‌ಆರ್ಮ್ ಮಾಸ್ಟರ್ ಅನ್ನೋ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಕೌಶಲ) ತಗೊಳ್ಳಿ. 2014ರ ನಿಯಮಪುಸ್ತಕದಲ್ಲಿ ಆಡುತ್ತಿದ್ದು ಜೊತೆಗೆ ಸೆಂಟಿನೆಲ್ ಫೀಟೂ ಇದ್ದರೆ ಏಟು ತಗುಲಿದವನ ವೇಗ ಸೊನ್ನೆ. ಎರಡು ಮನೆ ಆಚೆಯೇ ನಿಂತುಬಿಡುತ್ತಾನೆ, ಅವನ ಕತ್ತಿ ನಿಮ್ಮನ್ನು ಮುಟ್ಟಲ್ಲ.

ಫೀಟ್ ಇಲ್ಲದಿದ್ದರೂ ಗ್ಲೇವ್ ದಂಡವಲ್ಲ. ನಿಮ್ಮ ಸರದಿ ಬಂದಾಗ ಕತ್ತಿಯವನಿಂದ ಎರಡನೇ ಮನೆಯಲ್ಲಿ ನಿಂತು ಹೊಡೆಯಿರಿ, ಉಳಿದ ನಡಿಗೆಯಲ್ಲಿ ಹಿಂದೆ ಹೋಗಿ. ಅವನ ಬೇಲಿ ಒಂದೇ ಮನೆಯದು, ನೀವು ಅದರೊಳಗೆ ಕಾಲೇ ಇಟ್ಟಿಲ್ಲ.