ಐಸಿಯುನಲ್ಲಿ ಬಲ ಅಳೆಯೋದು: ನಮ್ಮ ಪದ್ಧತಿ, ನಮ್ಮ ಖರ್ಚು

"ವೆಂಟಿಲೇಟರ್ ಮೇಲಿರೋರ ಕೈಕಾಲಿನ ಬಲ ಅಳೆದು ಏನಾಗಬೇಕು?" ಅಂತ ಕೇಳ್ತಿದ್ದವರೇ ಈಗ ರೌಂಡ್ಸ್‌ನಲ್ಲಿ "ಇವತ್ತು ಸ್ಕೋರ್ ಎಷ್ಟು?" ಅಂತಾರೆ. ಎಂಆರ್‌ಸಿ (ಕೈಕಾಲಿನ ಸ್ನಾಯುಬಲದ ಅಂಕ), ಐಎಂಎಸ್ (ರೋಗಿ ಇವತ್ತು ಎಷ್ಟರಮಟ್ಟಿಗೆ ಎದ್ದು ಓಡಾಡಿದರು ಅನ್ನೋ ಅಂಕ), ಎಫ್‌ಎಸ್‌ಎಸ್-ಐಸಿಯು (ಹೊರಳೋಕೆ, ಕೂರೋಕೆ, ನಿಲ್ಲೋಕೆ ಎಷ್ಟು ಸಹಾಯ ಬೇಕು ಅನ್ನೋ ಅಂಕ) ಏನು ಅಂತ ಫಿಸಿಯೋಗಳಿಗೆ ಹೇಳಬೇಕಿಲ್ಲ. ಅವು ಬೆಡ್ ಪಕ್ಕದಲ್ಲಿ ಎಲ್ಲಿ ಕೈಕೊಡುತ್ತವೆ, ನಾವು ಹೇಗೆ ದಾರಿಗೆ ತಂದೆವು ಅನ್ನೋದಷ್ಟೇ ಬರೀತೀನಿ.

ಮೊದಲ ತೊಡಕು, ಬಲ ಅಳೆಯುವಷ್ಟು ಎಚ್ಚರ ರೋಗಿಗೆ ಇದೆಯಾ ಅಂತ ನೋಡೋ ಐದು ಆಜ್ಞೆಗಳದ್ದು: ಕಣ್ಣು ತೆರೆದು ಮುಚ್ಚಿ, ನನ್ನ ಕಡೆ ನೋಡಿ, ಬಾಯಿ ತೆರೆದು ನಾಲಿಗೆ ಚಾಚಿ, ತಲೆ ಆಡಿಸಿ, ಐದು ಎಣಿಸಿದ ಮೇಲೆ ಹುಬ್ಬು ಏರಿಸಿ. "ತಲೆ ಆಡಿಸಿ" ಅಂದರೆ ನಮ್ಮ ಜನ ಪಕ್ಕಕ್ಕೆ ತೂಗ್ತಾರೆ. ಅದೂ "ಹೂಂ" ಅನ್ನೋದೇ. ಒಬ್ಬ ಫಿಸಿಯೋ ಅದಕ್ಕೆ ಅಂಕ ಕೊಡ್ತಿದ್ದರು, ಇನ್ನೊಬ್ಬರು ಕೊಡ್ತಿರಲಿಲ್ಲ. "ಗದ್ದ ಸ್ವಲ್ಪ ಕೆಳಗೆ ಮಾಡಿ" ಅಂತ ಬದಲಾಯಿಸಿದ ಮೇಲೆ ಜಗಳ ನಿಂತಿತು. ನಾಗರ ಅಥವಾ ಕಟ್ಟುಹಾವು ಕಡಿದವರದು ಬೇರೆ ಸಮಸ್ಯೆ. ಪೂರ್ತಿ ಎಚ್ಚರ ಇದ್ದರೂ ರೆಪ್ಪೆ ಜೋತು ಬಿದ್ದಿರುತ್ತೆ, ಹುಬ್ಬೂ ಏಳಲ್ಲ. ಅಂಥವರಿಗೆ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದು, ಕಾಲ್ಬೆರಳು ಆಡಿಸೋಕೆ ಹೇಳಿ ನೋಡಬೇಕು. ಇಲ್ಲದಿದ್ದರೆ ಎಚ್ಚರವಿರೋರನ್ನೇ "ಮಾತು ಕೇಳಲ್ಲ" ಅಂತ ಬರೆದುಬಿಡ್ತೀವಿ.

ಕೀಟನಾಶಕ ಕುಡಿದು ಬಂದವರಲ್ಲಿ ಎಂಆರ್‌ಸಿ ಮೊತ್ತವನ್ನೊಂದೇ ನಂಬಬೇಡಿ. 12 ಸ್ನಾಯು ಗುಂಪು, ಒಟ್ಟು 60 ಅಂಕ, 48ಕ್ಕಿಂತ ಕಡಿಮೆಯಾದರೆ ನಿಶ್ಶಕ್ತಿ ಅನ್ನೋ ಗಡಿ, ಎಲ್ಲ ಸರಿ. ಆದರೆ ಆ 12ರಲ್ಲಿ ಕುತ್ತಿಗೆ ಇಲ್ಲ. ಆರ್ಗನೋಫಾಸ್ಫೇಟ್ (ಒಂದು ಬಗೆಯ ಕೀಟನಾಶಕ) ಕೇಸಿನಲ್ಲಿ ಕುಡಿದ 24ರಿಂದ 96 ಗಂಟೆಯೊಳಗೆ ಇಂಟರ್‌ಮೀಡಿಯೆಟ್ ಸಿಂಡ್ರೋಮ್ (ಮೊದಲ ಲಕ್ಷಣಗಳ ನಂತರ ಬರೋ ಸ್ನಾಯು ನಿಶ್ಶಕ್ತಿ) ಬಂದರೆ ಮೊದಲು ಸೋಲೋದೇ ಕುತ್ತಿಗೆ. ಮೊತ್ತ 50ರ ಮೇಲಿದ್ದರೂ ದಿಂಬಿನಿಂದ ತಲೆ ಎತ್ತಲಾರದೆ ಹೋಗಬಹುದು, ಅದರ ಹಿಂದೆಯೇ ಉಸಿರೂ ಕೈಕೊಡುತ್ತೆ. ಹಾಗಾಗಿ "ತಲೆ ಎತ್ತಿ 5 ಸೆಕೆಂಡ್ ಹಿಡಿದರು / ಹಿಡಿಯಲಿಲ್ಲ" ಅಂತ ಒಂದು ಸಾಲು ಚಾರ್ಟಿಗೆ ಸೇರಿಸಿದ್ದೇವೆ. ಅದನ್ನು 60ಕ್ಕೆ ಕೂಡಿಸಬೇಡಿ, ಪ್ರತ್ಯೇಕ ಇರಲಿ.

ಕೈಹಿಡಿತದ ಬಲ ಅಳೆಯೋಕೆ ಹೊರದೇಶದ ಹೈಡ್ರಾಲಿಕ್ ಡೈನಮೋಮೀಟರ್ ಕೇಳಿದಾಗ ಕೊಟೇಶನ್ ಸುಮಾರು 30 ಸಾವಿರ ಬಂತು, ಫೈಲ್ ವಾಪಸ್ ಆಯ್ತು. ಮೂರು ಸಾವಿರದ ಆಸುಪಾಸಿನ ಡಿಜಿಟಲ್ ತಗೊಂಡ್ವಿ. ಅದು ಸರಿಯಿದೆಯಾ ಅಂತ ನೋಡೋಕೆ 5 ಮತ್ತು 10 ಲೀಟರ್ ನೀರಿನ ಕ್ಯಾನ್ ತುಂಬಿ, ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ, ಪಟ್ಟಿ ಕಟ್ಟಿ ಹಿಡಿಕೆಗೆ ನೇತುಹಾಕ್ತೀವಿ. ಹತ್ತು ಕೆಜಿಯ ಹತ್ತಿರ ಚೆನ್ನಾಗಿತ್ತು. ಐದರ ಕೆಳಗೆ ಎರಡು ಸಲ ಒಂದೇ ಅಂಕಿ ಬರಲಿಲ್ಲ. ನಮ್ಮ ರೋಗಿಗಳಲ್ಲಿ ಬಹಳಷ್ಟು ಜನ ಇರೋದೇ ಅಲ್ಲಿ!

ಅದಕ್ಕೆ ಬಿಪಿ ಕಫ್ (ಬಿಪಿ ನೋಡೋಕೆ ತೋಳಿಗೆ ಸುತ್ತೋ ಪಟ್ಟಿ) ಪ್ರಯೋಗ ಮಾಡಿದ್ವಿ. ಪಟ್ಟಿಯನ್ನು ಸುರುಳಿ ಸುತ್ತಿ, ಮುಳ್ಳು 20ಕ್ಕೆ ಬರುವಷ್ಟು ಗಾಳಿ ತುಂಬಿ, ಕೈಯಲ್ಲಿ ಹಿಂಡಿಸಿ, ಮುಳ್ಳು ಎಲ್ಲಿಗೆ ಏರಿತು ಅಂತ ನೋಡೋದು. ಒಬ್ಬರಿಗೇ, ಒಂದೇ ಕಫ್‌ನಲ್ಲಿ, ದಿನದಿನದ ಏರಿಳಿತಕ್ಕೆ ಇದು ಭೇಷ್. ಕಫ್ ಬದಲಾದರೆ ಅಂಕಿಗೆ ಅರ್ಥವಿಲ್ಲ. ಸುತ್ತುವ ರೀತಿಯಲ್ಲೂ ಒಂದು ಗುಟ್ಟಿದೆ. ಅದನ್ನು ಬರೆದು ತಿಳಿಸೋಕಾಗಲ್ಲ, ಎದುರಿಗೆ ಬಂದರೆ ತೋರಿಸ್ತೀನಿ.

ಭಂಗಿ ಒಂದೇ ಇರಬೇಕು. ತಲೆಭಾಗ 45 ಡಿಗ್ರಿ, ಮೊಣಕೈ 90ಕ್ಕೆ ಮಡಿಸಿ ದಿಂಬಿನ ಮೇಲೆ, ಹಿಡಿಕೆ ಎರಡನೇ ಗುರುತಿಗೆ, ಮೂರು ಸಲ, ನಡುವೆ ಒಂದು ನಿಮಿಷ ಬಿಡುವು. ಆರ್ಟ್ ಲೈನ್ (ಅಪಧಮನಿಗೆ ಹಾಕಿದ ನಳಿಕೆ) ಇಲ್ಲದ ಕೈಯಲ್ಲಿ ಅಳೆಯಿರಿ, ಯಾವ ಕೈ ಅಂತ ಬರೀರಿ. ಗಂಡಸರಿಗೆ 11 ಕೆಜಿ, ಹೆಂಗಸರಿಗೆ 7, ಅದಕ್ಕಿಂತ ಕಡಿಮೆಯಾದರೆ ನಿಶ್ಶಕ್ತಿ ಅನ್ನೋ ಗಡಿ ಅಮೆರಿಕದ ರೋಗಿಗಳಿಂದ ಬಂದದ್ದು. ಸಣಕಲು ಮೈಯವರಲ್ಲಿ ಆ ಒಂದೇ ಅಂಕಿಯಿಂದ ತೀರ್ಪು ಕೊಡೋದು ನನಗೆ ಒಪ್ಪಿಗೆಯಿಲ್ಲ.

ಹೊತ್ತೂ ಮುಖ್ಯ. ರಾಸ್ ಸ್ಕೋರ್ (ಮಂಪರು, ಚಡಪಡಿಕೆ ಅಳೆಯೋ ಅಂಕ) -1ರಿಂದ +1ರೊಳಗೆ ಇರಬೇಕು. ಸ್ಪಂಜಿಂಗ್, ಡ್ರೆಸ್ಸಿಂಗ್, ಕಫ ತೆಗೆಯೋದು ಎಲ್ಲ ಮುಗಿಸಿ ಅಳೆದರೆ ರೋಗಿ ಸುಸ್ತಾಗಿರ್ತಾರೆ, ಅಂಕ ಬೀಳುತ್ತೆ. ನಾವು ಅದಕ್ಕೂ ಮುಂಚೆ ಮುಗಿಸ್ತೀವಿ. ಡಯಾಲಿಸಿಸ್ ಇದ್ದ ದಿನ ಅದಕ್ಕಿಂತ ಮೊದಲೇ.

ಐಎಂಎಸ್ ಸುಲಭ ಅಂತ ಎಲ್ಲರೂ ಅಂತಾರೆ, ಹೆಚ್ಚು ಕೆಡೋದೂ ಅದೇ. ಬೆಡ್‌ಶೀಟ್ ಹಿಡಿದು ನಾಲ್ಕು ಜನ ಕುರ್ಚಿಗೆ ಹಾಕಿದ್ದಕ್ಕೆ ನೈಟ್ ಡ್ಯೂಟಿಯವರು 5 ಹಾಕಿಬಿಡ್ತಾರೆ. ಅದು 2. ರೋಗಿ ಕಾಲೂರಿ, ನಿಂತು, ತಾನೇ ಹೆಜ್ಜೆ ಇಟ್ಟು ಅಥವಾ ಪಾದ ಸರಿಸಿ ಹೋಗಿ ಕೂತರೆ ಮಾತ್ರ 5. "ನಿಲ್ಲಬಲ್ಲರು" ಅನ್ನೋದು ಬೇಡ, ಇವತ್ತು ನಿಂತರಾ ಅಷ್ಟೇ. ಎಫ್‌ಎಸ್‌ಎಸ್-ಐಸಿಯುನಲ್ಲಿ ಇದಕ್ಕೆ ಉಲ್ಟಾ ಎಡವಟ್ಟು: ಕೈಜೋಡಿಸೋಕೆ ಜನ ಇಲ್ಲ ಅಂತ ರೋಗಿಯನ್ನು ಎಬ್ಬಿಸಿ ನಿಲ್ಲಿಸದೇ ಹೋದರೂ 0 ಬೀಳುತ್ತೆ. ಶಕ್ತಿಯಿಲ್ಲದೆ ಅಥವಾ ಕಾಯಿಲೆಯ ಸ್ಥಿತಿಯಿಂದ ಆಗದಿದ್ದರೆ ಮಾತ್ರ 0. ಉಳಿದದ್ದಕ್ಕೆ ಕಾರಣ ಬರೆದು ಖಾಲಿ ಬಿಡಿ. ಮನೆಯವರು ಕಂಕುಳಿಗೆ ಕೈಹಾಕಿ ಎಳೆದರೆ ರೋಗಿಯ ಪಾಲು ಅರ್ಧವೋ ಮುಕ್ಕಾಲೋ ತಿಳಿಯಲ್ಲ, "ಅಣ್ಣಾ, ಒಂದು ನಿಮಿಷ ಕೈ ಬಿಡಿ" ಅಂತ ಮೊದಲೇ ಹೇಳಿ.

ವಾರ್ಡಿಗೆ ಶಿಫ್ಟ್ ಆಗೋವಾಗ ನಮ್ಮ ಚಾರ್ಟ್ ಕೇಸ್ ಶೀಟಿನ ಹಿಂದೆ ಸೇರಿ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಈಗ ಟ್ರಾನ್ಸ್‌ಫರ್ ನೋಟ್‌ನ ಮೊದಲ ಸಾಲಲ್ಲೇ ಬರೀತೀವಿ: ಎಂಆರ್‌ಸಿ 44, ಬಲಗೈ ಹಿಡಿತ 9 ಕೆಜಿ, ಐಎಂಎಸ್ 4, ತಲೆ ಎತ್ತಿ 5 ಸೆಕೆಂಡ್ ಹಿಡಿದರು. ವಾರ್ಡಿನ ಫಿಸಿಯೋ ಅಲ್ಲಿಂದಲೇ ಮುಂದುವರಿಸ್ತಾರೆ.