ನೆಬ್ಯುಲಾ ಫೋಟೋ ಬೇಕಾ? ಲೆನ್ಸ್‌ಗೆ ಮುಚ್ಚಳ ಹಾಕಿಯೂ ಕ್ಲಿಕ್ ಮಾಡಿ

ಮೊದಲ ಸಲ ಓರಿಯನ್ ನೆಬ್ಯುಲಾ (ಓರಿಯನ್ ನಕ್ಷತ್ರಪುಂಜದಲ್ಲಿ ಹೊಳೆಯುವ ಅನಿಲ, ಧೂಳಿನ ಮೋಡ) ತೆಗೆದವರ ಫೋಟೋ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಡುವೆ ಗುಲಾಬಿ ಬಣ್ಣದ ಮಸುಕು, ನಾಲ್ಕು ಮೂಲೆ ಕಪ್ಪು, ಮೈತುಂಬ ಕೆಂಪು ನೀಲಿ ಚುಕ್ಕಿ. ಮೂಡಿಗೆರೆ ಹತ್ತಿರ ನಮ್ಮ ಮನೆಯ ಕಾಫಿ ಕಣದಲ್ಲಿ ಟ್ರೈಪಾಡ್ ಇಟ್ಟು ನಾನು ತೆಗೆದದ್ದೂ ಹಾಗೇ ಇತ್ತು. ದೊಡ್ಡ ಲೆನ್ಸ್ ಇಲ್ಲದ್ದೇ ತೊಂದರೆ ಅಂದುಕೊಂಡು ಒಂದು ವರ್ಷ ಬೆಲೆ ನೋಡುತ್ತಾ ಕೂತಿದ್ದೆ. ಕೊನೆಗೆ ಹಳೇ 50 ಎಂಎಂ ಲೆನ್ಸ್‌ನಲ್ಲೇ ಫೋಟೋ ಸುಧಾರಿಸಿತು.

ಮೊದಲು ಎಕ್ಸ್‌ಪೋಶರ್ ವಿಷಯ, ಅಂದರೆ ನಕ್ಷತ್ರ ಗೀರಾಗದ ಹಾಗೆ ಶಟರ್ ಎಷ್ಟು ಸೆಕೆಂಡ್ ತೆರೆದಿಡಬಹುದು ಅನ್ನುವುದು. ಬರೀ ಟ್ರೈಪಾಡ್ ಇದ್ದರೆ 500 ಅನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಆದರೆ ಮತ್ತೆ 1.5ರಿಂದ ಭಾಗಿಸಿ ಅನ್ನುತ್ತಾರೆ. 50 ಎಂಎಂಗೆ ಆರು ಚಿಲ್ಲರೆ ಸೆಕೆಂಡ್ ಬರುತ್ತದೆ. ನನ್ನ ಕೇಳಿದರೆ ಅದೂ ಜಾಸ್ತಿ. ಓರಿಯನ್ ಇರುವುದು ಆಕಾಶದ ಸಮಭಾಜಕದ ಪಕ್ಕದಲ್ಲೇ, ಅಲ್ಲಿ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಜರುಗುತ್ತವೆ. ಝೂಮ್ ಮಾಡಿ ನೋಡಿದರೆ ಚುಕ್ಕಿ ಹೋಗಿ ಅಕ್ಕಿಕಾಳು ಆಗಿರುತ್ತದೆ. ನಾನು 4 ಸೆಕೆಂಡಿಗೆ ನಿಲ್ಲಿಸುತ್ತೇನೆ. ಅಂಥವು 300 ತೆಗೆದು ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸೇರಿಸಿದರೆ (ಇದಕ್ಕೇ ಸ್ಟ್ಯಾಕ್ ಅನ್ನುವುದು) ಒಟ್ಟು 20 ನಿಮಿಷದ ಬೆಳಕು ಸಿಕ್ಕಿತಲ್ವಾ? ಆದರೆ ಲೆಕ್ಕ ಸ್ವಲ್ಪ ಜಿಪುಣ: ಫೋಟೋ ಎರಡು ಪಟ್ಟು ಶುಭ್ರ ಆಗಬೇಕಾದರೆ ಫ್ರೇಮ್ ನಾಲ್ಕು ಪಟ್ಟು ಬೇಕು. 25ರಿಂದ 100ಕ್ಕೆ ಹೋದಾಗ ಆಗುವ ಖುಷಿ ಇನ್ನೊಮ್ಮೆ ಸಿಗಬೇಕಾದರೆ 400 ತೆಗೆಯಬೇಕು.

ಇನ್ನೂ ಉದ್ದದ ಎಕ್ಸ್‌ಪೋಶರ್ ಬೇಕಾದರೆ ಟ್ರ್ಯಾಕರ್ (ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಯಂತ್ರ) ಬೇಕು, ಟ್ರ್ಯಾಕರ್ ಹೊಂದಿಸಲು ಧ್ರುವ ನಕ್ಷತ್ರ ಬೇಕು. ನಮ್ಮ ಕಡೆ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂಕಾಲು ಮುಷ್ಟಿ ಎತ್ತರ, ಅಷ್ಟೇ. ತೋಟದ ಮಧ್ಯೆ ಮನೆ ಇದ್ದರೆ ಸಿಲ್ವರ್ ಓಕ್ ಮರಗಳೇ ಅದನ್ನು ನುಂಗಿ ಹಾಕುತ್ತವೆ. ಉತ್ತರಕ್ಕೆ ತೆರೆದಿರುವ ಟೆರೇಸ್ ಹುಡುಕಿ, ಇಲ್ಲವಾದರೆ ಕಡೂರಿನ ಬಯಲು ಕಡೆ ನೆಂಟರ ಮನೆ ಇದ್ದರೆ ಅಲ್ಲಿಗೆ ಹೋಗಿ. ಜಾಗ ಹುಡುಕುತ್ತಾ ರಾತ್ರಿ ತೋಟದೊಳಗೆ ಮಾತ್ರ ನಡೆಯಬೇಡಿ, ಆನೆ ಇರುವ ಊರು ನಮ್ಮದು.

ಟ್ರ್ಯಾಕರ್ ಇದ್ದರೆ 60 ಸೆಕೆಂಡ್‌ನಿಂದ ಶುರು ಮಾಡಿ ಹಿಸ್ಟೋಗ್ರಾಮ್ (ಕ್ಯಾಮೆರಾ ಪರದೆಯಲ್ಲಿ ಕತ್ತಲೆ ಎಡಕ್ಕೆ, ಬೆಳಕು ಬಲಕ್ಕೆ ಗುಡ್ಡದ ಹಾಗೆ ತೋರಿಸುವ ನಕ್ಷೆ) ನೋಡಿ. ಗುಡ್ಡ ಎಡಗೋಡೆಯಿಂದ ಬಿಡಿಸಿಕೊಂಡು ಕಾಲುಭಾಗಕ್ಕೆ ಬಂದಿದ್ದರೆ ಸಾಕು. ಅಲ್ಲಿಂದ ಮುಂದೆ ಎಳೆದರೆ ಓರಿಯನ್ನಿನ ನಡುಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ. ಆ ನಡುಭಾಗಕ್ಕೆ ಅಂತಲೇ 5 ಸೆಕೆಂಡಿನ ಒಂದಷ್ಟು ಫ್ರೇಮ್ ಬೇರೆ ತೆಗೆದಿಡಿ. ಎಲ್ಲವೂ ರಾ ಫೈಲ್ (ಜೆಪೆಗ್ ಮಾಡದ ಕಚ್ಚಾ ಫೈಲ್) ಆಗಿರಲಿ.

ಈಗ ಮುಚ್ಚಳದ ಕಥೆ. ಮುಚ್ಚಳ ಹಾಕಿ, ಅದೇ ಐಎಸ್‌ಒ, ಅಷ್ಟೇ ಸೆಕೆಂಡ್ ಇಟ್ಟು ತೆಗೆಯುವ ಕಪ್ಪು ಫೋಟೋಗೆ ಡಾರ್ಕ್ ಅನ್ನುತ್ತಾರೆ. 20–30 ಸಾಕು. ಸೆನ್ಸರ್ ಬಿಸಿಗೆ ತಾನೇ ಹುಟ್ಟಿಸಿಕೊಳ್ಳುವ ಚುಕ್ಕಿಗಳು ಇದರಲ್ಲಿ ಸಿಕ್ಕಿಬೀಳುತ್ತವೆ, ಸಾಫ್ಟ್‌ವೇರ್ ಅವನ್ನು ಅಸಲಿ ಫೋಟೋದಿಂದ ಕಳೆಯುತ್ತದೆ. ಇಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದ್ದೆ. ಜನವರಿ ಚಳಿ, ಕೈ ಮರಗಟ್ಟಿತ್ತು, ಡಾರ್ಕ್‌ಗೆ ಆಕಾಶ ಯಾಕೆ ಬೇಕು ಅಂತ ಕ್ಯಾಮೆರಾ ಒಳಗೆ ತಂದು ಬಚ್ಚಲ ಒಲೆ ಪಕ್ಕ ಕೂತು ತೆಗೆದೆ. ಬೆಳಿಗ್ಗೆ ನೋಡಿದರೆ ಆಕಾಶದ ತುಂಬ ಸೂಜಿ ಚುಚ್ಚಿದ ಹಾಗೆ ಕಪ್ಪು ತೂತು! ಸೆನ್ಸರ್ ಆರೇಳು ಡಿಗ್ರಿ ಬಿಸಿಯಾದರೆ ಆ ಗಲಾಟೆ ಸುಮಾರು ದುಪ್ಪಟ್ಟಾಗುತ್ತದೆ. ಇಲ್ಲದ ಚುಕ್ಕಿಯನ್ನೂ ಕಳೆದು ಕೂತಿತ್ತು ಸಾಫ್ಟ್‌ವೇರ್. ಹಾಗಾಗಿ ಶೂಟಿಂಗ್ ಮುಗಿದ ಕೂಡಲೇ, ಅದೇ ಚಳಿಯಲ್ಲಿ, ಹೊರಗೇ ತೆಗೆಯಿರಿ. ನೀವು ಒಳಗೆ ಹೋಗಿ ಕಾಫಿ ಕುಡಿಯಿರಿ, ಕ್ಯಾಮೆರಾ ಅಲ್ಲೇ ಇರಲಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಟ್ಟು ನೋಡುವ ಕಿಂಡಿಗೂ ಕಪ್ಪು ಬಟ್ಟೆ ಮುಚ್ಚಿ, ಅಲ್ಲಿಂದಲೂ ಬೆಳಕು ನುಸುಳುತ್ತದೆ. ಮತ್ತೆ, ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಇಲ್ಲದಿದ್ದರೆ ಪ್ರತಿ ಫೋಟೋ ಆದಮೇಲೂ ಕ್ಯಾಮೆರಾ ತಾನೇ ಒಂದು ಡಾರ್ಕ್ ತೆಗೆಯುತ್ತಾ ಅರ್ಧ ರಾತ್ರಿ ತಿಂದುಹಾಕುತ್ತದೆ.

ಫ್ಲಾಟ್ ಅನ್ನುವುದು ಮೂಲೆಯ ಕತ್ತಲೆಗೆ ಮತ್ತು ಸೆನ್ಸರ್ ಮೇಲಿನ ಧೂಳಿನ ಕಲೆಗೆ ಮದ್ದು. ನಾನು ಅಪ್ಪನ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಸುಕ್ಕಿಲ್ಲದ ಹಾಗೆ ಲೆನ್ಸ್ ಬಾಯಿಗೆ ಬಿಗಿದು, ಸೂರ್ಯ ಹುಟ್ಟುವ ಮೊದಲಿನ ಬೆಳ್ಳನೆ ಆಕಾಶಕ್ಕೆ ಹಿಡಿಯುತ್ತೇನೆ. ಐಎಸ್‌ಒ ಅದೇ, ಅಪರ್ಚರ್ ಅದೇ. ಶಟರ್ ಮಾತ್ರ ಹಿಸ್ಟೋಗ್ರಾಮ್ ನಡುವಿಗೆ ಬರುವ ಹಾಗೆ ಬದಲಿಸಿ, 25 ತೆಗೆಯಿರಿ. ಫೋಕಸ್ ರಿಂಗ್ ಮುಟ್ಟಲೇಬೇಡಿ. ರಾತ್ರಿಯೇ ಅದಕ್ಕೆ ಟೇಪ್ ಸುತ್ತಿಡಿ. ಬೆಳಿಗ್ಗೆವರೆಗೆ ಕಾಯಲು ಆಗದಿದ್ದರೆ ಟ್ಯಾಬ್ ಪರದೆ ಬೆಳ್ಳಗೆ ಮಾಡಿ ಹಿಡಿದರೂ ನಡೆಯುತ್ತದೆ. ಫೋಟೋ ಓದುವಾಗ ಕ್ಯಾಮೆರಾ ತಾನೇ ಸೇರಿಸುವ ಗಲಾಟೆ ಹಿಡಿಯುವ ಬಯಾಸ್ ಇನ್ನೂ ಸುಲಭ: ಮುಚ್ಚಳ ಹಾಕಿ, ಅದೇ ಐಎಸ್‌ಒನಲ್ಲಿ, ಕ್ಯಾಮೆರಾದ ಅತಿ ವೇಗದ ಶಟರ್, 1/4000 ಅನ್ನಿ, 50 ಸಲ ಒತ್ತಿ. ಮುಗಿಯಿತು.

ಮಲೆನಾಡಿನಲ್ಲಿ ಇದೆಲ್ಲಕ್ಕಿಂತ ದೊಡ್ಡ ಶತ್ರು ಇಬ್ಬನಿ. ಹನ್ನೊಂದು ಗಂಟೆ ದಾಟಿತು ಅಂದರೆ ಲೆನ್ಸ್ ಮಂಜುಮಂಜು. ನೀವು ಸುಮ್ನೆ ಕೂತಿರುತ್ತೀರಿ, ಕ್ಯಾಮೆರಾ ನೂರು ಮಸುಕು ಫೋಟೋ ತೆಗೆದಿರುತ್ತದೆ. ಲೆನ್ಸಿಗೆ ಸುತ್ತುವ ಯುಎಸ್‌ಬಿ ಹೀಟರ್ ಪಟ್ಟಿ ಸಿಗುತ್ತದೆ, ಪವರ್ ಬ್ಯಾಂಕ್‌ಗೆ ಚುಚ್ಚಿದರೆ ಆಯಿತು. ಇಬ್ಬನಿ ಕೂರುವ ಮೊದಲೇ ಹಚ್ಚಿ, ಕೂತಮೇಲೆ ಅಲ್ಲ. ಪಕ್ಕದ ತೋಟದಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಬಿಟ್ಟಿದ್ದಾರಾ ಅಂತಲೂ ಕೇಳಿ. ಬಿಟ್ಟಿದ್ದರೆ ಆ ರಾತ್ರಿ ಮಲಗುವುದು ವಾಸಿ.

ಕಂಪ್ಯೂಟರ್‌ನಲ್ಲಿ ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಹಾಕಿಕೊಳ್ಳಿ, ಎರಡೂ ಉಚಿತ. ಅಸಲಿ ಫೋಟೋ, ಡಾರ್ಕ್, ಫ್ಲಾಟ್, ಬಯಾಸ್ ಅಂತ ನಾಲ್ಕು ಫೋಲ್ಡರ್ ಮಾಡಿ ಕೊಡಿ. ಸ್ಟ್ಯಾಕ್ ಮಾಡುವಾಗ ಸಿಗ್ಮಾ ಕ್ಲಿಪ್ಪಿಂಗ್ (ಉಳಿದ ಫ್ರೇಮ್‌ಗಳಿಗೆ ಹೊಂದದ್ದನ್ನು ಬಿಟ್ಟುಬಿಡುವ ವಿಧಾನ) ಆರಿಸಿದರೆ ಯಾವುದೋ ಫ್ರೇಮಿನಲ್ಲಿ ಅಡ್ಡ ಹಾದುಹೋದ ಸ್ಯಾಟಲೈಟಿನ ಗೀರೂ ಹೋಗುತ್ತದೆ. ಹಾಸನದ ಎಂಸಿಎಫ್‌ನವರು (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವಂಥ, ಭೂಮಿ ಜೊತೆಗೇ ಸುತ್ತುತ್ತಾ ನಿಂತಲ್ಲೇ ನಿಂತ ಹಾಗೆ ಕಾಣುವ ಭೂಸ್ಥಿರ ಉಪಗ್ರಹಗಳ ಸಾಲು ನಮ್ಮ ಆಕಾಶದಲ್ಲಿ ಹಾದುಹೋಗುವುದು ಓರಿಯನ್ನಿನ ಬೆಲ್ಟ್‌ನ (ಸಾಲಾಗಿರುವ ಮೂರು ನಕ್ಷತ್ರ) ಸ್ವಲ್ಪ ಕೆಳಗೇ. ಟ್ರ್ಯಾಕರ್ ಹಾಕಿದಾಗ ಕೆಲವೊಮ್ಮೆ ಅವೂ ಸಣ್ಣ ಗೀರಾಗಿ ಬಂದು ಕೂರುತ್ತವೆ.

ಕೊನೆಗೆ ಬರುವ ಫೈಲ್ ತೆರೆದರೆ ಪೂರ್ತಿ ಕಪ್ಪು, ನಾಲ್ಕು ನಕ್ಷತ್ರ ಬಿಟ್ಟು ಏನೂ ಇಲ್ಲ. ಡಿಲೀಟ್ ಮಾಡಬೇಡಿ, ನಾನು ಒಂದು ಸಲ ಮಾಡಿದ್ದೇನೆ. ಬೆಳಕೆಲ್ಲ ಹಿಸ್ಟೋಗ್ರಾಮಿನ ಎಡಮೂಲೆಯಲ್ಲಿ ಮುದುರಿ ಕೂತಿರುತ್ತದೆ. ಫೋಟೋ ಎಡಿಟರ್‌ನ ಕರ್ವ್ಸ್‌ನಲ್ಲಿ (ಬೆಳಕು ಹೆಚ್ಚುಕಡಿಮೆ ಮಾಡುವ ಗೆರೆ) ತುದಿ ಬಿಟ್ಟು ಎಡಭಾಗವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆಯಿರಿ, ನಾಲ್ಕೈದು ಸಲ. ಮೂರನೇ ಸಲಕ್ಕೆ ನೆಬ್ಯುಲಾದ ರೆಕ್ಕೆ ಕಾಣಲು ಶುರುವಾಗುತ್ತದೆ.