ರಟ್ಟಿನ ತುಂಡು ಮಾಡಿದ ಕೆಲಸ

ಕಲಬುರಗಿಯಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸಾಕ್ಷ್ಯಚಿತ್ರ ತೋರಿಸಲು ಹೋಗಿ ಕೈ ಸುಟ್ಟುಕೊಂಡವರು ನನ್ನಂತೆ ಇನ್ನೂ ಇದ್ದೀರಿ. ಸಭಾಂಗಣ, ಪ್ರೊಜೆಕ್ಟರ್, ಚಹಾ ಎಲ್ಲ ಸೇರಿ ಮೊದಲ ಮೂರು ಪ್ರದರ್ಶನಗಳಿಗೆ ಸುಮಾರು 11 ಸಾವಿರ ಹೋಯಿತು. ಡಬ್ಬಿಗೆ ಬಿದ್ದದ್ದು ಎಂಟುನೂರೋ ಒಂಬೈನೂರೋ. "ಇಂಗ್ಲೆಂಡಿನ ಹೊಲಸನ್ನು ನಮ್ಮ ಹಾಸ್ಟೆಲ್ ವಾರ್ಡನ್‌ಗಳಿಗೆ ತೋರಿಸಿ ಏನು ಬರುತ್ತದೆ ಮೇಡಂ?" ಎಂದು ಗೆಳೆಯರೇ ಕೇಳಿದರು.

ಮೊದಲು ಅಮೆರಿಕದ ಗಾಯಕ ಆರ್. ಕೆಲ್ಲಿ ಕುರಿತ ಸರಣಿ ಹಾಕಿದೆ. ಎರಡನೆಯ ಕಂತಿಗೇ ಕುರ್ಚಿಗಳು ಖಾಲಿ. ಆಮೇಲೆ ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ನ ಚಿತ್ರ. ಜನ ಕುದ್ದುಹೋದರು, "ಗಲ್ಲಿಗೇರಿಸಬೇಕಿತ್ತು" ಎಂದರು, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು. 2018ರಲ್ಲಿ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ನಿಂತು ನೋವು ಹೇಳಿಕೊಳ್ಳುವವರೆಗೆ ಆ ಕ್ರೀಡಾ ಸಂಸ್ಥೆ, ಅವನು ಕೆಲಸಕ್ಕಿದ್ದ ವಿಶ್ವವಿದ್ಯಾಲಯ ಏನು ಮಾಡುತ್ತಿದ್ದವು ಎಂದು ಒಬ್ಬರೂ ಕೇಳಲಿಲ್ಲ. ಬೈಯಲು ಒಬ್ಬ ಸಿಕ್ಕಿದ್ದ, ಅಷ್ಟೇ ಸಾಕಾಗಿತ್ತು.

ಹಾಗಾಗಿ ಬಿಬಿಸಿಯ ಹೆಸರಾಂತ ಟಿವಿ ನಿರೂಪಕ ಜಿಮ್ಮಿ ಸ್ಯಾವಿಲ್ ಸರದಿಗೆ ಅವನ ಮುಖವನ್ನೇ ತೆಗೆದುಬಿಟ್ಟೆ. ಅವನು ತೆರೆಗೆ ಬಂದಾಗಲೆಲ್ಲ ಪ್ರೊಜೆಕ್ಟರ್ ಮುಂದೆ ರಟ್ಟು ಹಿಡಿಯುವುದು. ಕತ್ತಲಲ್ಲಿ ಧ್ವನಿ ಮಾತ್ರ, ಮೇಲೆ ಮೈಕಿನಲ್ಲಿ ನನ್ನ ಕನ್ನಡ. ತೆಳು ರಟ್ಟಿನಲ್ಲಿ ಬೆಳಕು ಸೋರಿತು. ಫ್ಯಾನ್ ಬಂದ ಪೆಟ್ಟಿಗೆಯ ದಪ್ಪ ರಟ್ಟಿಗೆ ಕಪ್ಪು ಬಣ್ಣ ಬಳಿದ ಮೇಲೆ ಸರಿಹೋಯಿತು. ಮುಖ ಬರುವ ಮೊದಲೇ ಕೈ ಏಳುವುದಕ್ಕೆ ಒಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ. ನಡುವೆ ಇನ್ನೊಂದು ಪ್ರಯೋಗ: ಜನ ಕೂರಲೆಂದು ರೊಟ್ಟಿ ಊಟ ಮೊದಲೇ ಬಡಿಸಿದೆ. ಮುಂದಿನ ಸಾಲು ಗೊರಕೆ ಹೊಡೆಯಿತು. ಊಟ ಕೊನೆಗೇ ಸರಿ.

ಮುಖ ಹೋದ ಮೇಲೆ ಸುತ್ತಲಿನವರು ಕಾಣತೊಡಗಿದರು. ಬ್ರಾಡ್‌ಮೂರ್ ಆಸ್ಪತ್ರೆಯ ಕೀಲಿ ಅವನ ಕೈಗಿತ್ತವರು. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಅವನಿಗೆಂದೇ ಕೋಣೆ ಬಿಟ್ಟುಕೊಟ್ಟವರು. 2011ರಲ್ಲಿ ಅವನು ಸತ್ತ ಕೆಲವೇ ವಾರಗಳಲ್ಲಿ ತನ್ನದೇ ವರದಿಗಾರರ ತನಿಖೆಯನ್ನು ಬದಿಗಿಟ್ಟು, ಕ್ರಿಸ್‌ಮಸ್‌ಗೆ ಅವನ ಗುಣಗಾನ ಪ್ರಸಾರ ಮಾಡಿದ ಬಿಬಿಸಿ. ಚಿತ್ರ ನಿಲ್ಲಿಸಿ ಒಂದು ಮಾತು ನಾನೇ ಸೇರಿಸಿದೆ: ಅವನು ವಾರ್ಡಿಗೆ ಬಂದರೆ ನಿದ್ದೆ ಹೋದಂತೆ ಮಲಗಿರಿ ಎಂದು ದಾದಿಯರೇ ಮಕ್ಕಳಿಗೆ ಹೇಳುತ್ತಿದ್ದರೆಂದು ಆಗ ಅಲ್ಲಿದ್ದ ರೋಗಿಯೊಬ್ಬರು ಹೇಳಿದ್ದಾರೆ.

ಆಳಂದ ಕಡೆಯ ನಿವೃತ್ತ ವಾರ್ಡನ್ ಒಬ್ಬರು ಎದ್ದು ನಿಂತರು. "ಹಾಗಾದರೆ ದಾದಿಗೆ ಗೊತ್ತಿತ್ತಲ್ಲ ಮೇಡಂ?" ಸೀಮೆಸುಣ್ಣ ಕೇಳಿ ಪಡೆದು ಬೋರ್ಡಿನ ಮೇಲೆ 'ಗೊತ್ತಿದ್ದವರು' ಎಂದು ಬರೆದರು. ಮುಂದಿನ ಮುಕ್ಕಾಲು ಗಂಟೆ ನನಗೆ ಮೈಕ್ ಸಿಗಲಿಲ್ಲ.

ಸ್ಯಾವಿಲ್‌ನನ್ನು ಬಯಲಿಗೆಳೆದ, ಬ್ರಿಟನ್ನಿನ ಐಟಿವಿ ವಾಹಿನಿಯ ಚಿತ್ರ ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ನಮ್ಮ ಪೋಕ್ಸೊ ಕಾಯ್ದೆ ಜಾರಿಯಾದದ್ದು ಅದೇ ವರ್ಷ ನವೆಂಬರ್ 14ಕ್ಕೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆನ್ನುವ 19ನೇ ಕಲಂ, ಕೈಕೆಳಗಿನವರ ಕೃತ್ಯ ತಿಳಿಸದ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆ ಎನ್ನುವ 21ನೇ ಕಲಂ ಎರಡನ್ನೂ ಹಿಂದೆ ಓದಿ ಹೇಳಿದಾಗ ಜನ ಆಕಳಿಸಿದ್ದರು. ಆ ರಾತ್ರಿ ಜೆರಾಕ್ಸ್ ಪ್ರತಿಗಳು, ಮೂವತ್ತೈದೋ ನಲವತ್ತೋ, ಸಾಕಾಗಲಿಲ್ಲ. ಡಬ್ಬಿಯಲ್ಲಿ 2,300 ಇತ್ತು. ನಕ್ಕಿದ್ದ ಗೆಳೆಯರೇ ಈಗ ಯಾದಗಿರಿಗೆ ಕರೆದಿದ್ದಾರೆ. ಹಳೆಯ ರಟ್ಟು ಪ್ರೊಜೆಕ್ಟರ್ ಬಿಸಿಗೆ ಸೊಟ್ಟಗಾಗಿದೆ, ಇನ್ನೊಂದು ಫ್ಯಾನ್ ಪೆಟ್ಟಿಗೆ ಹುಡುಕುತ್ತಿದ್ದೇನೆ.